ಬಾನೆಟ್ ತೆರೆದಿಟ್ಟ ಭಾನುವಾರಗಳು

ವೀಟ್‌ಶೀಫ್ ಪಬ್ಬಿನಿಂದ ಹೊರಡುವ ಕಿರುದಾರಿ ಉದ್ದನೆಯ ಏರೊಂದನ್ನು ಹತ್ತಿ ಮುಖ್ಯರಸ್ತೆಗೆ ಸೇರುತ್ತದೆ. ಸೇರುವ ಜಾಗದಲ್ಲಿ ಸೇಬಿನ ತೋಟದ ಎತ್ತರದ ಬೇಲಿ ಇದೆ. ಬಲಗಡೆಯಿಂದ ಬರುವ ವಾಹನ ಬೇಲಿಯ ತುದಿ ದಾಟುವ ತನಕ ಕಾಣುವುದಿಲ್ಲ. ಏಪ್ರಿಲ್ ತಿಂಗಳ ಮೊದಲ ಭಾನುವಾರ ಈನಿಡ್ ಪ್ರೋಬರ್ಟ್ ತಮ್ಮ ಹಳೆಯ, ಎರಡೇ ಸೀಟಿನ ನೀಲಿ ಎಂಜಿಬಿ ಕಾರನ್ನು ಅಲ್ಲಿ ನಿಲ್ಲಿಸಿ ಎರಡೂ ಕಡೆ ನೋಡಿದರು. ರಸ್ತೆ ಖಾಲಿ ಇತ್ತು. ಪೆಡಲ್ ಒತ್ತಿದರು. ಕಾರು ಮುಂದಕ್ಕೆ ಚಿಮ್ಮಿತು, ರಸ್ತೆಯ ನಡುಮಧ್ಯಕ್ಕೆ ಬಂದಾಗ ಉಸಿರು ಕಟ್ಟಿದಂತೆ ಸೊರಗಿತು. ಒಂದು ಕ್ಷಣ ಅಷ್ಟೇ. ಆ ಕ್ಷಣದಲ್ಲಿ ಬೇಲಿಯ ತುದಿಯಿಂದ ಹಾಲಿನ ಟ್ಯಾಂಕರ್ ಕಾಣಿಸಿಕೊಂಡಿತು.

ಟ್ಯಾಂಕರಿನವನು ಹಾರ್ನ್ ಒತ್ತಿ ಹಿಡಿದು, ಹುಲ್ಲಿನ ಅಂಚಿಗೆ ಇಳಿದು ತಪ್ಪಿಸಿಕೊಂಡು ಹೋದ. ಕಾರು ಕೆಮ್ಮಿ, ಚೇತರಿಸಿಕೊಂಡು, ಏನೂ ಆಗದ ಹಾಗೆ ಓಡಿತು.

ಪಕ್ಕದ ಸೀಟಿನಲ್ಲಿದ್ದ ಡಿಲಿಸ್ ಮಡಿಲಿನ ಫ್ಲಾಸ್ಕನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದರು. ಅವರಿಬ್ಬರದು ಶಾಲೆಯ ದಿನಗಳಿಂದ ಬಂದ ಗೆಳೆತನ. ಸ್ವಲ್ಪ ದೂರ ಹೋದ ಮೇಲೆ ಡಿಲಿಸ್ ಕೇಳಿದರು:

“ಏನೇ ಅದು? ಕಾರೋ, ನೀನೋ?”

“ಕಾರು.”

“ಅಲ್ಲ, ಕೇಳಿದೆ ಅಷ್ಟೇ. ಸಾಯೋದಾದ್ರೆ ಯಾರಿಂದ ಸತ್ತೆ ಅಂತ ಗೊತ್ತಿರ್ಲಿ ಅಂತ.”

ಈನಿಡ್ ನಗಲಿಲ್ಲ. ಕಾರು ಎಂದು ಹೇಳಿದ್ದರು ನಿಜ. ಆದರೆ ಮನೆ ತಲುಪುವ ಹೊತ್ತಿಗೆ ಆ ಉತ್ತರದ ಬಗ್ಗೆ ಅವರಿಗೇ ಅನುಮಾನ ಶುರುವಾಗಿತ್ತು.

ಈನಿಡ್ ಪ್ರೋಬರ್ಟ್ ಯಾರೆಂದು ನಮ್ಮ ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅವರು ಇಲ್ಲಿ ಡ್ರೈವಿಂಗ್ ಪರೀಕ್ಷಕರಾಗಿದ್ದರು. ವೇಲ್ಸ್ ಗಡಿಗೆ ಅಂಟಿಕೊಂಡ ಈ ಸೀಮೆಯಲ್ಲಿ ನಡುವಯಸ್ಸು ದಾಟಿದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಅವರ ಪಕ್ಕದಲ್ಲಿ ಬೆವರುತ್ತ ಕೂತವರೇ. ಮಾಂಸದಂಗಡಿಯ ಮಾಲೀಕನನ್ನು ಅವರು ಮೂರು ಸಲ ಫೇಲು ಮಾಡಿದ್ದರು. ಅವರು ಅಂಗಡಿಗೆ ಬಂದರೆ ಆತ ಇವತ್ತಿಗೂ ತಕ್ಕಡಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾನೆ. ಅವರ ತಂದೆ ಸಂತೆಗೆ ದನ ಸಾಗಿಸುವ ಲಾರಿ ಓಡಿಸುತ್ತಿದ್ದರು. ಮಗಳು ಹದಿನೇಳಕ್ಕೆ ಆ ಲಾರಿಯನ್ನು ಹಿಂದಕ್ಕೆ ತೆಗೆದು ಕೊಟ್ಟಿಗೆಯ ಬಾಗಿಲಿಗೆ ಹಚ್ಚುವುದನ್ನು ಕಲಿತಿದ್ದಳು. ನೀಲಿ ಕಾರನ್ನು ಸ್ವಂತ ಸಂಬಳದಲ್ಲಿ, ಬೇರೆಯವರು ಓಡಿಸಿ ಬಿಟ್ಟದ್ದನ್ನು, ಕೊಂಡರು. ಆರಡಿ ಮೀರಿದ ಗಂಡ ಅದರಲ್ಲಿ ಮಡಚಿಟ್ಟ ಕುರ್ಚಿಯ ಹಾಗೆ ಕೂರಬೇಕಾಗುತ್ತಿತ್ತು. ಬದುಕಿದ್ದ ತನಕ ಗಂಡ ಅದರ ಬಗ್ಗೆ ಗೊಣಗಿದರು, ಅದನ್ನು ಬಿಟ್ಟು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಈಗ ಈನಿಡ್‌ಗೆ ಎಪ್ಪತ್ತೈದು. ಆ ವಯಸ್ಸಿನವರು ಇಲ್ಲಿ ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು. ಯಾರೂ ಪರೀಕ್ಷೆ ಮಾಡುವುದಿಲ್ಲ. ನಾನು ಓಡಿಸಲು ಯೋಗ್ಯ ಎಂದು ತಾನೇ ಹೇಳಿ ಸಹಿ ಹಾಕಿದರಾಯಿತು. ಅವರ ಸರದಿ ಸೆಪ್ಟೆಂಬರಿನಲ್ಲಿತ್ತು. ಬೇರೆಯವರ ಯೋಗ್ಯತೆಯನ್ನು ಜೀವನವಿಡೀ ಅಳೆದವರಿಗೆ ಅದು ಸುಮ್ಮನೆ ಹಾಕುವ ಸಹಿಯಲ್ಲ. ಅದರ ಮೇಲೆ ಆ ಚಳಿಗಾಲದಲ್ಲಿ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಬಣ್ಣಗಳೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ಆದರೆ ದೂರದ ಅಂದಾಜು ಮೊದಲಿನಂತೆಯೇ ಇದೆಯೋ ಇಲ್ಲವೋ ಎಂಬುದು ಅವರಿಗೆ ಗೊತ್ತಿರಲಿಲ್ಲ. ರಸ್ತೆ ಖಾಲಿ ಎಂದು ಕಣ್ಣು ಹೇಳಿದ್ದು ಸರಿಯೇ? ಕಾಲು ಒತ್ತಬೇಕಾದಷ್ಟು ಒತ್ತಿತ್ತೇ, ಅಥವಾ ಅರ್ಧಕ್ಕೆ ಹಿಂದೆಗೆದಿತ್ತೇ? ತಪ್ಪು ಕಾರಿನದಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಸಹಿ ಹಾಕಬಾರದು ಎಂದು ಅವರು ಅಂದೇ ತೀರ್ಮಾನಿಸಿದರು.

ಕಾರು ಮೊದಲು ಹೋದದ್ದು ಡೆಸ್ ಗಿಟಿನ್ಸ್ ಬಳಿಗೆ. ಧಾನ್ಯದ ಹಳೆಯ ಕಣಜದಲ್ಲಿ ಅವನ ಗ್ಯಾರೇಜು. ಸ್ಪಾರ್ಕ್ ಪ್ಲಗ್ಗುಗಳನ್ನೂ ಕಿಡಿ ಹಂಚುವ ಪೆಟ್ಟಿಗೆಯ ಒಳಭಾಗಗಳನ್ನೂ ಬದಲಾಯಿಸಿ ಅವನು ಫೋನ್ ಮಾಡಿದ.

“ಮಿಸೆಸ್ ಪಿ, ಗಾಡಿ ಬಾಣದ ಹಾಗೆ ಹೋಗ್ತಿದೆ. ಬೆಳಗ್ಗೆ ಓಣಿ ತುದಿ ತನಕ ಹೋಗಿ ಬಂದೆ. ಎಲ್ಲೂ ಮುಗ್ಗರಿಸ್ಲಿಲ್ಲ.”

“ನಡುರಸ್ತೆಯಲ್ಲಿ ನಿಲ್ತು, ಡೆಸ್.”

“ನಂಬ್ತೀನಿ. ಆದ್ರೆ ನನ್ನ ಹತ್ರ ನಿಲ್ತಾ ಇಲ್ವಲ್ಲ.”

ಈ ಮಾತು ಈನಿಡ್‌ರನ್ನು ಚುಚ್ಚಿತು. ಇದರ ಇನ್ನೊಂದು ಮಗ್ಗುಲನ್ನು ಅವರು ಪರೀಕ್ಷೆಗೆ ಬಂದವರ ಬಾಯಲ್ಲಿ ಸಾವಿರಾರು ಸಲ ಕೇಳಿದ್ದರು: ಗೇರು ಸಿಕ್ಕಿಕೊಂಡಿತು, ಬ್ರೇಕು ಹಿಡಿಯಲಿಲ್ಲ, ಕಾರೇ ಸರಿಯಿಲ್ಲ. ಫೇಲಾದವರಲ್ಲಿ ಕಾರನ್ನು ದೂರದವರು ಕಡಿಮೆ.

ಮೇ ತಿಂಗಳ ಮೊದಲ ಭಾನುವಾರ ಮತ್ತೆ ವೀಟ್‌ಶೀಫ್. ಹಳೆಯ ಕಾರುಗಳ ಕ್ಲಬ್ಬಿನವರು ಅಲ್ಲಿ ತಿಂಗಳಿಗೊಮ್ಮೆ ಸೇರುವುದು ನಮ್ಮಲ್ಲಿ ಚರ್ಚಿಗೆ ಹೋಗುವುದಕ್ಕಿಂತ ಹೆಚ್ಚು ಕಟ್ಟುನಿಟ್ಟು. ಹುಲ್ಲಿನ ಮೇಲೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಬಾನೆಟ್ ಎತ್ತಿಡುತ್ತಾರೆ. ಆಮೇಲೆ ಕೈಯಲ್ಲಿ ಬಿಯರ್ ಲೋಟ ಹಿಡಿದು, ಒಬ್ಬರ ಎಂಜಿನ್ನಿನೊಳಗೆ ಇನ್ನೊಬ್ಬರು ಇಣುಕುತ್ತ, ತಲೆಯಾಡಿಸುತ್ತ ಊಟದ ಹೊತ್ತಿನ ತನಕ ಓಡಾಡುತ್ತಾರೆ. ಬಾನೆಟ್ ಮುಚ್ಚಿಟ್ಟವರನ್ನು ಯಾರೂ ಏನೂ ಅನ್ನುವುದಿಲ್ಲ. ಆದರೆ ಅಂಥವರ ಕಾರಿನ ಪಕ್ಕ ಯಾರೂ ನಿಲ್ಲುವುದೂ ಇಲ್ಲ.

ಈನಿಡ್ ತಮ್ಮ ತೊಂದರೆ ಹೇಳಿಕೊಂಡರು. ಎಲ್ಲರಿಗೂ ಅದರ ಉತ್ತರ ಗೊತ್ತಿತ್ತು.

“ಕಂಡೆನ್ಸರ್,” ಎಂದರು ಕ್ಲೈವ್ ಬೆಬ್. ದನದ ಸಂತೆಯಲ್ಲಿ ಹರಾಜು ಕೂಗಿ ನಿವೃತ್ತರಾದವರು. ಗುಟ್ಟು ಹೇಳಿದರೂ ಹತ್ತು ಗಜ ದೂರ ಕೇಳಿಸುತ್ತದೆ. “ಕಣ್ಣು ಮುಚ್ಚಿ ಹೇಳ್ತೀನಿ, ಕಂಡೆನ್ಸರ್.”

“ಈಗಿನ ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸ್ತಾರೆ,” ಎಂದರು ರೋಲಂಡ್ ಹಾಟನ್. ಇವರು ದಂತವೈದ್ಯರಾಗಿದ್ದವರು, ಮೃದು ಮಾತು, ಚೊಕ್ಕ ಉಗುರು. “ಪೆಟ್ರೋಲ್ ಪೈಪೊಳಗೇ ಕುದಿದು ಆವಿ ಆಗಿಬಿಡುತ್ತೆ, ಈನಿಡ್.”

“ನಿನಗೆ ಎಲ್ಲಕ್ಕೂ ಆಲ್ಕೋಹಾಲೇ ಕಾರಣ. ಮೆಥಡಿಸ್ಟ್ ಅಲ್ವೇ ನೀನು, ಹೆಂಡ ಮುಟ್ಟದ ಪಂಥದವನು.”

“ನಿನಗೆ ಎಲ್ಲಕ್ಕೂ ಕಂಡೆನ್ಸರ್. ನಿನ್ನ ಹೆಂಡತಿಗೆ ಮಂಡಿನೋವು ಬಂದಾಗಲೂ ಕಂಡೆನ್ಸರ್ ಅಂದೆ.”

ಅವತ್ತು ಹಿಂದಿರುಗುವಾಗ, ಅದೇ ಏರು ಹತ್ತಿದ ಮೇಲೆ, ಕಾರು ಮತ್ತೆ ಸೊರಗಿತು. ಈ ಸಲ ಟ್ಯಾಂಕರ್ ಇರಲಿಲ್ಲ. ಡಿಲಿಸ್ ಫ್ಲಾಸ್ಕನ್ನು ಮತ್ತೆ ಅಪ್ಪಿ ಹಿಡಿದರು.

ಡೆಸ್ ಕಿಡಿಯನ್ನು ಹದದಲ್ಲಿಡುವ ಕಂಡೆನ್ಸರನ್ನೂ ಬದಲಾಯಿಸಿದ. ಪೆಟ್ರೋಲ್ ಪೈಪುಗಳನ್ನು ಹೊಸದು ಹಾಕಿದ. ಪಂಪು ನೋಡಿದ. ಕೊನೆಗೆ ಗಾಳಿಗೆ ಪೆಟ್ರೋಲ್ ಬೆರೆಸುವ ಎರಡೂ ಕಾರ್ಬುರೇಟರುಗಳನ್ನು ಕಳಚಿ, ತೊಳೆದು, ಜೋಡಿಸಿದ. ಈ ಕಾರುಗಳ ಕಾರ್ಬುರೇಟರಿನ ತಲೆಯ ಮೇಲೆ ಹಿತ್ತಾಳೆಯದೊಂದು ಮುಚ್ಚಳ ಇರುತ್ತದೆ. ಅದರ ಕೆಳಗೆ ಬೆರಳು ಹಿಡಿಯುವಷ್ಟು ಬಾವಿ, ಅದರಲ್ಲಿ ಸ್ವಲ್ಪ ಎಣ್ಣೆ. ಪೆಡಲ್ ಒತ್ತಿದಾಗ ಒಳಗಿನ ಕೊಂತ, ಅಂದರೆ ಪಿಸ್ಟನ್, ಒಮ್ಮೆಲೇ ಮೇಲಕ್ಕೆ ಹಾರದಂತೆ, ಹದವಾಗಿ ಏಳುವಂತೆ ಆ ಎಣ್ಣೆ ಹಿಡಿದಿಡುತ್ತದೆ.

“ಬಾವೀಲಿ ಎಣ್ಣೆ ನೀರಾಗಿತ್ತು, ಮಿಸೆಸ್ ಪಿ. ಏನು ಹಾಕ್ತೀರಿ ನೀವು?”

“ಎಂಜಿನ್ ಆಯಿಲ್. ಮೊದಲಿನಿಂದಲೂ ಅದೇ.”

“ಇದು ಹಾಗೆ ಕಾಣ್ಲಿಲ್ಲ. ಪೆಟ್ರೋಲ್ ಸೇರಿ ತೆಳ್ಳಗಾಯ್ತೋ ಏನೋ. ಬದಲಾಯಿಸಿದೀನಿ.”

ಕಾರು ಸರಿಯಾಯಿತು. ಬೇಕೆಂದೇ ಈನಿಡ್ ಬಿಸಿಲಿನಲ್ಲಿ ಏರುಗಳಿಗೆ ಒಯ್ದರು, ಎಲ್ಲಿಯೂ ತಡವರಿಸಲಿಲ್ಲ. ಮೇ ಕಳೆಯುವ ತನಕ ಅವರು ನೆಮ್ಮದಿಯಿಂದ ಮಲಗಿದರು. ಜೂನ್ ತಿಂಗಳ ಮೊದಲ ಭಾನುವಾರ ಪಬ್ಬಿನಿಂದ ಹೊರಟು ಬೇಲಿಯ ಬಳಿ ಬಂದಾಗ ಉಸಿರು ಮತ್ತೆ ಕಟ್ಟಿತು. ಈ ಸಲ ರೀತಿ ಬೇರೆ: ಮೊದಲು ಒಂದು ಜಗ್ಗು, ಆಮೇಲೆ ಮಂಕು, ಆಮೇಲೆ ಕಪ್ಪು ಹೊಗೆ.

ಇಲ್ಲಿಂದ ಅವರ ಗೊಂದಲ ನಿಜವಾಗಿ ಶುರುವಾಯಿತು. ಒಂದೇ ರೋಗವಾಗಿದ್ದರೆ ಒಂದೇ ಲಕ್ಷಣ ಇರಬೇಕಿತ್ತು. ಡೆಸ್ ಓಡಿಸಿದರೆ ಸರಿ, ತಾವು ಓಡಿಸಿದರೆ ತಪ್ಪು. ಬೇರೆ ಕಡೆ ಸರಿ, ಆ ಬೇಲಿಯ ಹತ್ತಿರ ತಪ್ಪು. ಆ ತಿರುವಿನ ಹೆದರಿಕೆ ತಮ್ಮ ಕಾಲಿಗೇ ಇಳಿದಿದೆಯೇ? ಹೆದರಿದ ಕಾಲು ಪೆಡಲನ್ನು ಒತ್ತಿ, ಬಿಟ್ಟು, ಮತ್ತೆ ಒತ್ತುವುದನ್ನು ಅವರು ಎಷ್ಟೋ ಜನರಲ್ಲಿ ನೋಡಿದ್ದರು. ಹಾಗೆ ಮಾಡುವವರಿಗೆ ತಾವು ಮಾಡುತ್ತಿದ್ದೇವೆ ಎಂಬುದೇ ತಿಳಿದಿರುವುದಿಲ್ಲ.

ಅಡುಗೆಮನೆಯ ಮೇಜಿನ ಕೆಳಗೆ ತಮ್ಮ ಬಲಗಾಲನ್ನು ಒತ್ತಿ ಬಿಟ್ಟು ನೋಡುತ್ತ ಕೂತಿದ್ದವರನ್ನು ಡಿಲಿಸ್ ಒಂದು ಸಂಜೆ ಹಿಡಿದರು.

“ಏನು, ಟ್ಯಾಪ್ ಡ್ಯಾನ್ಸ್ ಕಲೀತಿದೀಯಾ?”

“ಡಿಲಿಸ್, ನಿಜ ಹೇಳು. ನಾನು ತಿರುಗಿಸುವಾಗ ನನ್ನ ಕಾಲು ನಡುಗುತ್ತಾ?”

“ನಿನ್ನ ಕಾಲು ಯಾರು ನೋಡ್ತಾರೇ? ನಾನು ಅಲ್ಲಿ ಕಣ್ಣು ಮುಚ್ಕೊಂಡಿರ್ತೀನಿ.”

ಜುಲೈ ತಿಂಗಳ ಭಾನುವಾರ ಬಿಸಿಲಿತ್ತು, ಗಾಳಿಯೂ ಇತ್ತು. ಆಪರೇಷನ್ ಆದ ಕಣ್ಣಿಗೆ ಗಾಳಿ ತಾಗಿದರೆ ನೀರು ಸುರಿಯುತ್ತದೆಂದು ಈನಿಡ್ ಬಾನೆಟ್ ಎತ್ತಿಟ್ಟು, ಡಿಲಿಸ್ ಜೊತೆ ಪಬ್ಬಿನ ಒಳಗೆ ಕಿಟಕಿಯ ಪಕ್ಕ ಕೂತರು. ಹೊರಗೆ ಕಾರುಗಳ ಸಾಲು, ಅವುಗಳ ಮೇಲೆ ಬಗ್ಗಿದ ಬೆನ್ನುಗಳು. ರೋಲಂಡ್ ಹಾಟನ್ ನೀಲಿ ಕಾರಿನ ಬಳಿ ಬಂದು ನಿಂತರು. ಆಚೀಚೆ ನೋಡಿದರು. ಕೋಟಿನ ಜೇಬಿನಿಂದ ಸೂಜಿಯಿಲ್ಲದ ಸಿರಿಂಜ್ ತೆಗೆದು, ಮುಂದಿನ ಕಾರ್ಬುರೇಟರಿನ ಹಿತ್ತಾಳೆ ಮುಚ್ಚಳ ತಿರುಗಿಸಿ, ಒಳಗೆ ಇಳಿಸಿ ಎಳೆದರು.

“ಏನೇ, ನಿನ್ನ ಕಾರಿನ ಹಲ್ಲು ಕೀಳ್ತಿದಾನಾ ಅವನು?” ಎಂದರು ಡಿಲಿಸ್.

ರೋಲಂಡ್ ಎಳೆದ ಎಣ್ಣೆಯನ್ನು ಕರವಸ್ತ್ರಕ್ಕೆ ಸುರಿದು, ಪುಟ್ಟ ಬಾಟಲಿಯಿಂದ ಬೇರೆ ಎಣ್ಣೆ ತುಂಬಿ, ಮುಚ್ಚಳ ಬಿಗಿದು, ಒರೆಸಿದರು. ರೋಗಿಯ ಭುಜ ತಟ್ಟುವಂತೆ ಕಾರಿನ ಅಂಚನ್ನು ಒಮ್ಮೆ ತಟ್ಟಿ, ಊಟ ತರಲು ಪಬ್ಬಿನ ಕಡೆ ನಡೆದರು. ಇನ್ನೊಂದು ಮುಚ್ಚಳಕ್ಕೆ ಕೈ ಹಾಕುವ ಮೊದಲೇ ಯಾರೋ ಬರುವುದು ಕಂಡಿರಬೇಕು. ಬಂದವರು ಕ್ಲೈವ್. ಅವರೂ ಆಚೀಚೆ ನೋಡಿದರು. ಅವರ ಜೇಬಿನಲ್ಲಿ ಮೂಗು ಚೂಪಾದ ಎಣ್ಣೆ ಡಬ್ಬಿ ಇತ್ತು. ಹಿಂದಿನ ಮುಚ್ಚಳ ತಿರುಗಿಸಿ, ಬಾವಿ ತುಂಬಿ ತುಳುಕುವ ತನಕ ಸುರಿದರು.

ಡಿಲಿಸ್ ಎದ್ದರು. ಈನಿಡ್ ಅವರ ತೋಳು ಹಿಡಿದು ಕೂರಿಸಿದರು. “ಮುಗಿಸ್ಲಿ. ಪರೀಕ್ಷೆ ನಡುವೆ ಮಾತಾಡ್ಬಾರ್ದು.”

ಊಟ ಮುಗಿದ ಮೇಲೆ ಅವರು ಇಬ್ಬರನ್ನೂ ತಮ್ಮ ಕಾರಿನ ಬಳಿಗೆ ಕರೆದರು.

“ನನ್ನ ಕಾರ್ಬುರೇಟರಿಗೆ ಎಣ್ಣೆ ಹಾಕಿದ್ದು ಯಾರು?”

ಇಬ್ಬರೂ ಹುಲ್ಲು ನೋಡಿದರು. ಆಮೇಲೆ ರೋಲಂಡ್ ಕೈಯನ್ನು ಎದೆಮಟ್ಟಕ್ಕೆ ಎತ್ತಿದರು. ಅದೇ ಗಳಿಗೆಯಲ್ಲಿ ಕ್ಲೈವ್ ಕೂಡ. ಪರಸ್ಪರ ನೋಡಿಕೊಂಡರು.

“ನೀನೂನಾ?” ಎಂದರು ಕ್ಲೈವ್.

“ನೀನು ಯಾವಾಗ್ಲಿಂದ?”

“ಏಪ್ರಿಲ್‌ನಿಂದ. ಒಳಗೆ ನೀರಿನ ಹಾಗಿತ್ತು ಮಾರಾಯ. ಅದಕ್ಕೆ ಗೇರ್ ಆಯಿಲ್ ಹಾಕಿದೆ, ದಪ್ಪಗಿರ್ಲಿ ಅಂತ.”

“ನೀರಲ್ಲ ಅದು! ಹಲ್ಲು ಕೊರೆಯೋ ಯಂತ್ರಕ್ಕೆ ಹಾಕೋ ಎಣ್ಣೆ. ಅದಕ್ಕಿಂತ ಶುದ್ಧವಾದ್ದು ಸಿಗಲ್ಲ. ಪ್ರತಿ ತಿಂಗಳು ಯಾರೋ ಅಂಟಂಟು ಸುರಿದಿರ್ತಿದ್ರು. ನಾನು ತೆಗೆದೂ ತೆಗೆದೂ...”

“ಯಾರೋ ಅಲ್ಲ, ನಾನು!”

“ಕ್ಲೈವ್, ಕಿರುಚಬೇಡಿ,” ಎಂದರು ಈನಿಡ್. “ನನ್ನನ್ನ ಕೇಳ್ಬಹುದಿತ್ತಲ್ಲ?”

ನಮ್ಮಲ್ಲಿ ಇನ್ನೊಬ್ಬರ ಕಾರಿಗೆ ಕೇಳದೆ ಕೈ ಹಾಕುವುದು ಅಸಭ್ಯತೆ. ಅದಕ್ಕಿಂತ ದೊಡ್ಡ ಅಸಭ್ಯತೆ ಒಂದೇ: ನಿಮ್ಮ ಕಾರನ್ನು ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಮುಖದ ಮೇಲೆ ಹೇಳುವುದು.

ಕೊನೆಗೆ ರೋಲಂಡ್ ಹೇಳಿದರು. “ಮಾರ್ಚ್‌ನಲ್ಲಿ ನೀವು ಆಪರೇಷನ್ ಆದ ಮೇಲೆ ಮೊದಲ ಸಲ ಬಂದಿದ್ರಲ್ಲ. ಸುಮ್ನೆ ಮುಚ್ಚಳ ತೆಗೆದು ನೋಡಿದೆ. ಎರಡರಲ್ಲೂ ಎಣ್ಣೆ ತಳ ಮುಟ್ಟಿತ್ತು. ನೀವು ಹಾಗೆ ಬಿಡೋರಲ್ಲ. ಅದಕ್ಕೆ, ಏನೋ... ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ.”

“ನನಗೆ ಮರೆವು ಅಂತ ಅಂದ್ಕೊಂಡ್ರಿ.”

“ಅಂದ್ಕೊಳ್ಳಲಿಲ್ಲ. ಅಂದ್ಕೊಳ್ಳೋ ಹಾಗೆ ಆಗ್ಬಾರ್ದು ಅಂತ ತುಂಬಿಸ್ದೆ.”

ಡಿಲಿಸ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಈನಿಡ್ ನಗಲಿಲ್ಲ. ತಿಂಗಳುಗಳಿಂದ ಹುಡುಕಿದ್ದು ಸಿಕ್ಕಿತ್ತು. ಒಂದು ಕಾರ್ಬುರೇಟರಿನ ಕೊಂತ ತೆಳು ಎಣ್ಣೆಯಲ್ಲಿ ಹಾರಿ ಬರೀ ಗಾಳಿ ಕುಡಿಯುತ್ತಿತ್ತು, ಇನ್ನೊಂದರದು ದಪ್ಪ ಎಣ್ಣೆಯಲ್ಲಿ ಏಳಲಾರದೆ ಪೆಟ್ರೋಲ್ ಕಕ್ಕುತ್ತಿತ್ತು. ಯಾರು ಯಾವ ಬಾವಿಗೆ ಎಷ್ಟು ಹಾಕಿದರು ಎಂಬುದರ ಮೇಲೆ ಪ್ರತಿ ತಿಂಗಳ ಲಕ್ಷಣ ಬೇರೆ. ಎಂಜಿನ್ ಕಾದ ಮೇಲೆ ತೆಳು ಎಣ್ಣೆ ಮತ್ತೂ ತೆಳುವಾಗುತ್ತಿತ್ತು. ಆದ್ದರಿಂದಲೇ ಡೆಸ್‌ನ ಓಣಿಯಲ್ಲಿ ಸರಿ, ಏರಿನ ತುದಿಯಲ್ಲಿ ತಪ್ಪು. ಇಷ್ಟೆಲ್ಲ ತಿಳಿದ ಮೇಲೆ ಹಗುರಾಗಬೇಕಿತ್ತು. ಆದರೆ ಎಣ್ಣೆ ತಳ ಮುಟ್ಟಿತ್ತೆಂಬುದು ಸುಳ್ಳಲ್ಲ. ಪ್ರತಿ ಚಳಿಗಾಲ ತಾವೇ ತುಂಬಿಸುತ್ತಿದ್ದರು. ಆ ಚಳಿಗಾಲ ತುಂಬಿಸಿರಲಿಲ್ಲ. ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದಲೋ, ಮರೆತದ್ದರಿಂದಲೋ, ಎಷ್ಟು ಯೋಚಿಸಿದರೂ ಅವರಿಗೆ ನೆನಪಾಗಲಿಲ್ಲ.

ಅವರು ಬಾನೆಟ್ ಇಳಿಸಿ, ಅಂಗೈಯಿಂದ ಒತ್ತಿ ಮುಚ್ಚಿದರು. ಸಾಲಿನಲ್ಲಿದ್ದವರೆಲ್ಲ ಆ ಸದ್ದಿಗೆ ತಿರುಗಿ ನೋಡಿದರು.

“ಇನ್ಮೇಲೆ ಇದು ಮುಚ್ಚಿರುತ್ತೆ. ಬೇಜಾರು ಮಾಡ್ಕೋಬೇಡಿ. ಪಕ್ಕದಲ್ಲಿ ನಿಂತು ಮಾತಾಡೋರು ಮಾತಾಡಿ.”

“ಕಂಡೆನ್ಸರ್ ಅಂತೂ...” ಎಂದು ಕ್ಲೈವ್ ಶುರು ಮಾಡಿ, ಅವರ ಮುಖ ನೋಡಿ ನಿಲ್ಲಿಸಿದರು.

ಮರುದಿನ ಡೆಸ್ ಎರಡೂ ಬಾವಿಗಳನ್ನು ಖಾಲಿ ಮಾಡಿ, ಬಂದ ಎಣ್ಣೆಯನ್ನು ಎರಡು ಗಾಜಿನ ಬಟ್ಟಲುಗಳಲ್ಲಿ ಬೆಳಕಿಗೆ ಹಿಡಿದ. ಒಂದು ಮಳೆನೀರಿನ ಹಾಗೆ, ಇನ್ನೊಂದು ಜೇನಿನ ಹಾಗೆ.

“ಇದು ಕಾರಲ್ಲ ಮಿಸೆಸ್ ಪಿ, ಔಷಧಿ ಅಂಗಡಿ. ಪೆಟ್ರೋಲ್ ಸೇರಿ ತೆಳ್ಳಗಾಯ್ತು ಅಂದ್ನಲ್ಲ, ಮೂಸಿ ನೋಡ್ಬೇಕಿತ್ತು ನಾನು. ಈಗ ಸರಿ ಹೋಯ್ತು ಬಿಡಿ. ನಿಮ್ಮ ತಪ್ಪೇನೂ ಇಲ್ಲ.”

“ಅದನ್ನ ಇನ್ನೂ ನೋಡ್ಬೇಕು,” ಎಂದರು ಈನಿಡ್.

ಆಗಸ್ಟಿನ ಒಂದು ಬಿಸಿ ಮಧ್ಯಾಹ್ನ, ಸಭೆಯಿಲ್ಲದ ದಿನ ನೋಡಿ, ಅವರು ಡಿಲಿಸ್‌ರನ್ನು ಕೂರಿಸಿಕೊಂಡು ವೀಟ್‌ಶೀಫ್ ತನಕ ಹೋದರು. ಏರು ಹತ್ತಿ, ಬೇಲಿಯ ಬಳಿ ನಿಂತು, ಮುಖ್ಯರಸ್ತೆ ಸೇರಿ, ಸುತ್ತು ಹಾಕಿ ಮತ್ತೆ ಅದೇ ಕಿರುದಾರಿಗೆ ಬಂದರು. ಮತ್ತೆ ಏರು, ಮತ್ತೆ ಬೇಲಿ. ಎಂಜಿನ್ ಕಾದು ಕೆಂಡವಾಗಿತ್ತು. ಪೆಡಲ್ ಒತ್ತಿದಾಗಲೆಲ್ಲ ಕಾರು ಒಂದೇ ಉಸಿರಿನಲ್ಲಿ ಎದ್ದು ಹೋಯಿತು. ಸೊರಗಲಿಲ್ಲ, ಜಗ್ಗಲಿಲ್ಲ, ಹೊಗೆ ಕಕ್ಕಲಿಲ್ಲ. ಡಿಲಿಸ್ ಕಣ್ಣು ತೆರೆದುಕೊಂಡೇ ಕೂತಿದ್ದರು.

ಕೊನೆಯ ಸುತ್ತಿನಲ್ಲಿ ಈನಿಡ್ ಬೇಲಿಯ ಬಳಿ ನಿಂತರು. ಎಡಗಡೆ ಖಾಲಿ. ಬಲಗಡೆಯಿಂದ ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ನಿಧಾನವಾಗಿ ಬೇಲಿಯ ತುದಿ ದಾಟುತ್ತಿತ್ತು. ಅವರು ಹೊರಡಲಿಲ್ಲ. ಟ್ರ್ಯಾಕ್ಟರ್ ಬಂತು, ಅವರ ಮುಂದೆ ಹಾದು ಹೋಯಿತು. ಅದು ಇಳಿಜಾರಿನಲ್ಲಿ ಮರೆಯಾಗುವ ತನಕ ಅವರು ನೋಡುತ್ತಿದ್ದರು.

“ಹೋಗ್ಬಹುದಿತ್ತು,” ಎಂದರು.

“ಟ್ರ್ಯಾಕ್ಟರ್ ಬರ್ತಿತ್ತಲ್ಲೇ.”

“ದೂರ ಇತ್ತು, ನಿಧಾನಾನೂ ಇತ್ತು. ಹತ್ತು ವರ್ಷದ ಹಿಂದೆ ಆಗಿದ್ರೆ ಹೋಗ್ತಿದ್ದೆ. ಅದು ಕಾರಲ್ಲ, ಡಿಲಿಸ್. ಅದು ನಾನು.”

“ಒಂದು ಸಲ ನಿಂತ್ರೆ ಏನಾಯ್ತೀಗ?”

“ನನ್ನ ಪಕ್ಕ ಕೂತೋರು ಹಾಗೆ ನಿಂತಿದ್ರೆ ಒಂದು ತಪ್ಪಿನ ಗುರುತು ಹಾಕ್ತಿದ್ದೆ. ಒಂದು ಗುರುತಿಗೆ ಫೇಲ್ ಮಾಡ್ತಿರಲಿಲ್ಲ.”

“ಮತ್ತೇನು ನಿನ್ನ ತಕರಾರು?”

“ಅವತ್ತಿನ ಟ್ಯಾಂಕರ್ ನೆನಪಿಗೆ ಹೆದರಿ ನಿಂತ್ನೋ, ಕಣ್ಣಿಗೆ ದೂರ ಗೊತ್ತಾಗದೆ ನಿಂತ್ನೋ. ಅದು ಗೊತ್ತಾಗ್ತಿಲ್ಲ.”

ಹಿಂದೆ ಬಂದು ನಿಂತಿದ್ದ ವ್ಯಾನಿನವನು ಹಾರ್ನ್ ಮಾಡಲಿಲ್ಲ, ದೀಪವನ್ನು ಒಮ್ಮೆ ಮಿನುಗಿಸಿದ. ಈನಿಡ್ ಎರಡೂ ಕಡೆ ನೋಡಿ ಹೊರಟರು.

ಸೆಪ್ಟೆಂಬರಿನಲ್ಲಿ ಅವರು ಸಹಿ ಹಾಕಿದರು. ಹಾಕುವ ಮೊದಲು ಕಣ್ಣಿನ ಡಾಕ್ಟರ ಬಳಿ ಹೋಗಿ ಮತ್ತೊಮ್ಮೆ ತೋರಿಸಿಕೊಂಡರು. ಕಣ್ಣು ಸರಿಯಾಗಿದೆ ಎಂದು ಡಾಕ್ಟರ್ ಹೇಳಿದರು, ಕಾಲಿನ ಬಗ್ಗೆ ತಮಗೆ ಗೊತ್ತಿಲ್ಲ ಎಂದರು. ಈಗ ಪ್ರತಿ ತಿಂಗಳು ಒಂದು ಮಧ್ಯಾಹ್ನ ಈನಿಡ್ ಡಿಲಿಸ್‌ರನ್ನು ಕೂರಿಸಿಕೊಂಡು ಆ ಬೇಲಿಯ ಬಳಿಗೆ ಹೋಗಿ ಬರುತ್ತಾರೆ. ಹೋಗಬಹುದಾಗಿದ್ದಾಗ ಹೋಗದೆ ನಿಂತದ್ದು ಮರುಕಳಿಸಿದರೆ ಕೀಲಿಕೈ ಡೆಸ್‌ಗೆ ಕೊಟ್ಟು ಓಡಿಸುವುದನ್ನೇ ಬಿಡುವುದೆಂದು ಮಾತಾಗಿದೆ. ಮರುಕಳಿಸಿತೇ ಇಲ್ಲವೇ ಎಂದು ಹೇಳಬೇಕಾದವರು ಡಿಲಿಸ್. ಅವರು ಹೇಳುತ್ತಾರೋ ಇಲ್ಲವೋ, ಈನಿಡ್‌ಗೆ ಖಾತ್ರಿಯಿಲ್ಲ.